ಊಟವನ್ನೊಲ್ಲದ ಮಗಳು



ಹಿಂದಿನ ಸಂಚಿಕೆಯಲ್ಲಿ ಮಕ್ಕಳ ನಿದ್ರೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ತಾಯಿಯೊಬ್ಬರು ಒಂದು ಪತ್ರವನ್ನು ಕಳಿಸಿರುವರು. ಪತ್ರವು ಚಿಕ್ಕದು, ಅದರೊಳಗಿನ ಚಿಂತೆಯು ಚಿಕ್ಕದಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಓದುವ ಅವರ ಮಗಳು ನಾಲ್ಕಾರು ತಿಂಗಳಿಂದ ಊಟವನ್ನು ಕಡಿಮೆ ಮಾಡುತ್ತ ಬಂದು, ಈಗ ಅರ್ಧ ರೊಟ್ಟಿಯನ್ನೂ ಒಲ್ಲೆನೆನ್ನುವಳಂತೆ. ಕಟ್ಟಿಕೊಟ್ಟ ಬುತ್ತಿಯು ಸಂಜೆ ಹಾಗೆಯೇ ಮರಳಿ ಬರುವದಂತೆ. ಬೈದರೆ ಅಳುವಳು, ರಮಿಸಿದರೆ ಎದ್ದು ಹೋಗುವಳು. ಇದು ಹಟವೋ, ರೋಗವೋ, ಯಾರದಾದರೂ ದೃಷ್ಟಿಯೋ ತಿಳಿಸಬೇಕೆಂದು ಆ ತಾಯಿಯು ಕೇಳಿರುವರು.

ನಾನು ವೈದ್ಯನಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಕಲಿಸಿ, ಈಗ ಸಾಲಹಳ್ಳಿಯ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತಿರುವ ಮಾಸ್ತರನು. ಆದರೂ ಈ ಪ್ರಶ್ನೆಗೆ ಉತ್ತರ ಕೊಡುವ ಋಣವೊಂದು ನನ್ನ ತಲೆಯ ಮೇಲಿರುವದು. ಇದೇ ರೋಗವು ಒಮ್ಮೆ ನನ್ನ ವರ್ಗದ ಮೊದಲನೆಯ ಸಾಲಿನಲ್ಲಿಯೇ ಬಂದು ಕುಳಿತಿತ್ತು. ನಾನು ಅದನ್ನು ಗುರುತಿಸಲಿಲ್ಲ. ಮೇಲಾಗಿ ಅದನ್ನು ಹೊಗಳಿದೆನು.

ಅದು 2016ನೆಯ ಇಸವಿಯ ಮಳೆಗಾಲ. ಪಾಠದ ನಡುವೆ ಕಾವ್ಯಕಥೆಗಳನ್ನು ಹೇಳುವದು ನನ್ನ ರೂಢಿ. ಅಂದು ಕಾಳಿದಾಸನ ಕುಮಾರಸಂಭವದಲ್ಲಿಯ ಪಾರ್ವತಿಯ ತಪಸ್ಸನ್ನು ವರ್ಣಿಸುತ್ತಿದ್ದೆನು. ತಾನಾಗಿ ಉದುರಿದ ಎಲೆಗಳನ್ನು ತಿಂದು ಬದುಕುವದು ತಪಸ್ಸಿನ ಪರಾಕಾಷ್ಠೆ. ಆಕೆಯು ಆ ಎಲೆಯನ್ನೂ ಬಿಟ್ಟಳು, ಆದ್ದರಿಂದ ‘ಅಪರ್ಣೆ’ ಎನಿಸಿದಳು, ಎಂದು ಆವೇಶದಿಂದ ಹೇಳಿದೆನು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ, ಎಲೀನೂ ಬಿಟ್ಟ ಮ್ಯಾಲೆ ಆಕಿ ಎಷ್ಟ ದಿವಸ ಇದ್ಲರಿ?”

“ತಪಸ್ಸಿಗೆ ದಿವಸದ ಲೆಕ್ಕ ಇರೂದಿಲ್ಲವ್ವಾ” ಎಂದು ನಾನು ನಕ್ಕು, ಎಂಥ ಜಾಣಪ್ರಶ್ನೆಯೆಂದು ವರ್ಗಕ್ಕೆಲ್ಲ ಕೇಳುವಂತೆ ಅವಳನ್ನು ಕೊಂಡಾಡಿದೆನು. ಅವಳು ಕೇಳಿದ್ದು ಪಾರ್ವತಿಯ ಲೆಕ್ಕವಲ್ಲ, ತನ್ನ ಲೆಕ್ಕ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ಹುಡುಗಿಯು ನೇಕಾರರ ಮನೆಯವಳು. ಓದಿನಲ್ಲಿ ಮುಂದು, ಅಕ್ಷರ ಮುತ್ತಿನಂಥದು, ಒಂದು ಅಂಕ ಕಡಿಮೆಯಾದರೆ ಎರಡು ದಿನ ಮಾತಾಡದವಳು. ಮೊದಲು ಸೋಮವಾರದ ಉಪವಾಸವನ್ನು ಹಿಡಿದಳು. ಶ್ರಾವಣವು ಬರಲು ಶುಕ್ರವಾರವು ಕೂಡಿತು, ಆಮೇಲೆ ಶನಿವಾರವೂ ಕೂಡಿತು. ಮೊಮ್ಮಗಳ ದೈವಭಕ್ತಿಯನ್ನು ಕಂಡು ಅಜ್ಜಿಗೆ ಹಿಗ್ಗು. ಪಂಚಮಿಯ ಹಬ್ಬಕ್ಕೆ ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟು ಎಲ್ಲವನ್ನೂ ಆ ಹುಡುಗಿಯೇ ಮುಂದೆ ನಿಂತು ಮಾಡಿ ಓಣಿಯವರಿಗೆಲ್ಲ ಹಂಚಿದಳಂತೆ. ತಾನು ಒಂದನ್ನೂ ಬಾಯಿಗೆ ಹಾಕಲಿಲ್ಲವೆಂಬುದನ್ನು ಯಾರೂ ನೋಡಲಿಲ್ಲ. ಶಾಲೆಯಲ್ಲಿ ಅಕ್ಷರ ದಾಸೋಹದ ಊಟವುಂಟು. ಎಷ್ಟು ಮಕ್ಕಳು ಊಟಕ್ಕೆ ಕುಳಿತರೆಂಬುದನ್ನು ನಾವು ದಿನಾಲು ಪುಸ್ತಕದಲ್ಲಿ ಬರೆಯುತ್ತಿದ್ದೆವು. ಯಾವ ಮಗುವಿನ ತಾಟಿನಲ್ಲಿ ಏನು ಉಳಿಯಿತೆಂಬುದಕ್ಕೆ ಆ ಪುಸ್ತಕದಲ್ಲಿ ಕಾಲಮು ಇರಲಿಲ್ಲ.

ದೀಪಾವಳಿಯ ನಂತರ ಒಂದು ಮುಂಜಾನೆ ಅವಳು ಪ್ರಾರ್ಥನೆಯ ಸಾಲಿನಲ್ಲಿಯೇ ಕುಸಿದು ಬಿದ್ದಳು. ಮನೆಯವರು ದೃಷ್ಟಿ ತೆಗೆದರು; ಹೇಳಿಕೆ ಕೇಳಿದರು. ವೈದ್ಯರೊಬ್ಬರು ರಕ್ತ ಕಡಿಮೆಯಾಗಿದೆಯೆಂದು ಗುಳಿಗೆಗಳನ್ನು ಕೊಟ್ಟರು. ಹೀಗೆ ಮತ್ತೆರಡು ತಿಂಗಳು ಕಳೆದವು. ಕಡೆಗೆ ಶಾಲೆಯ ಮಕ್ಕಳನ್ನು ಪರೀಕ್ಷಿಸಲು ಬಂದ ಸರಕಾರದ ಆರೋಗ್ಯ ತಂಡದಲ್ಲಿದ್ದ ವೈದ್ಯೆಯು ಅವಳನ್ನು ಬೇರೆ ಕೋಣೆಗೆ ಕರೆದು, “ತಂಗೀ, ಊಟದ ವಿಚಾರ ದಿನದಾಗ ಎಷ್ಟ ಸರ್ತಿ ಮನಸಿಗೆ ಬರತೈತಿ?” ಎಂದು ಕೇಳಿದರು. ಹುಡುಗಿಯು ಗಳಗಳನೆ ಅತ್ತಳು. “ಯಾವಾಗ್ಲೂ ಅದರಿ” ಎಂದಳು. ಆರು ತಿಂಗಳಲ್ಲಿ ನಾವಾರೂ ಕೇಳದಿದ್ದ ಪ್ರಶ್ನೆಯದು.

ಇನ್ನು ಆ ತಾಯಿಯ ಪ್ರಶ್ನೆಗೆ ಬರುವೆನು. ಇದು ಹಟವೂ ಅಲ್ಲ, ದೃಷ್ಟಿಯೂ ಅಲ್ಲ, ರೋಗವಾಗಿರಬಹುದು. ಇದಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರು. ಲಂಡನ್ನಿನ ವೈದ್ಯ ವಿಲಿಯಂ ಗಲ್ ಎಂಬವರೂ ಪ್ಯಾರಿಸಿನ ಲಾಸೆಗ್ ಎಂಬವರೂ 1873ರ ಸುಮಾರಿಗೆ ಬೇರೆ ಬೇರೆಯಾಗಿಯೇ ಇದನ್ನು ವಿವರಿಸಿದರು. ಗ್ರೀಕ ಮೂಲದ ಆ ಹೆಸರಿಗೆ ‘ಹಸಿವಿಲ್ಲದಿರುವಿಕೆ’ ಎಂದು ಅರ್ಥ. ಹೆಸರು ಮಾತ್ರ ನಮ್ಮನ್ನು ದಾರಿ ತಪ್ಪಿಸುವಂಥದು. ಏಕೆಂದರೆ ಮೊದಮೊದಲು ರೋಗಿಗೆ ಹಸಿವೆಯು ಬಲವಾಗಿಯೇ ಇರುವದು. ದಪ್ಪಗಾಗುವೆನೆಂಬ ಭಯವು ಆ ಹಸಿವೆಯನ್ನು ಮೆಟ್ಟಿ ನಿಲ್ಲುವದು. ಮೈ ಎಷ್ಟು ಬಡವಾದರೂ ಕನ್ನಡಿಯಲ್ಲಿ ತಾನು ದಪ್ಪಗಿರುವಂತೆಯೇ ಅವಳಿಗೆ ಕಾಣುವದು. ಮನೋರೋಗಗಳಲ್ಲಿ ಅತಿ ಹೆಚ್ಚು ಪ್ರಾಣಹಾನಿಯನ್ನು ಮಾಡುವವುಗಳಲ್ಲಿ ಇದೊಂದು.

ಇದಕ್ಕೆ ಒಡಹುಟ್ಟಿದವು ಬೇರೆಯೂ ಉಂಟು. ಒಂದೇ ಸವನೆ ಬಹಳವಾಗಿ ತಿಂದು, ಆಮೇಲೆ ಹೆದರಿ ಗುಟ್ಟಾಗಿ ವಾಂತಿ ಮಾಡಿಕೊಳ್ಳುವದು ಒಂದು. ಇದನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ವೈದ್ಯರು ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟು ವಿವರಿಸಿದರು. ಈ ರೋಗಿಗಳು ನೋಟಕ್ಕೆ ಬಡವಾಗಿರದೆ ಇರಬಹುದು. ಆದ್ದರಿಂದ ಮನೆಯವರಿಗೆ ವರ್ಷಗಟ್ಟಲೆ ಗೊತ್ತಾಗದು. ವಾಂತಿ ಮಾಡದೆ, ಆದರೆ ತಡೆಯಲಾರದೆ ವಿಪರೀತವಾಗಿ ತಿಂದು ಮರುಗುವದು ಇನ್ನೊಂದು. ಹುಡುಗಿಯರಲ್ಲಿ ಹೆಚ್ಚಾದರೂ ಹುಡುಗರಿಗೂ ಇವು ಬರುವವು.

ಇದು ಪಟ್ಟಣದ ಶ್ರೀಮಂತರ ಕಾಯಿಲೆ, ನಮ್ಮ ಹಳ್ಳಿಗೇನು ಸಂಬಂಧವೆಂದು ಕೆಲವರು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಪ್ರಭಾ ಚಂದ್ರ ಮತ್ತು ಅವರ ಸಂಗಡಿಗರು ಆ ನಗರದ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ಒಬ್ಬರನ್ನಾದರೂ ಕಂಡಿರುವದಾಗಿ ಹೇಳಿದ್ದರು. ಅದು ಪಟ್ಟಣದ ಮಾತಾಯಿತು. ದೂರದ ಒಂದು ಹಳ್ಳಿನಾಡಿನ ಮಾತನ್ನು ಕೇಳಿರಿ. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ತುಂಬಿದ ಮೈಯೇ ಚೆಲುವೆಂದು ಎಣಿಸುತ್ತಿದ್ದರು. ಅಲ್ಲಿಯ ಒಂದು ಪ್ರಾಂತಕ್ಕೆ 1995ರಲ್ಲಿ ಟೆಲಿವಿಜನ್ ಬಂದಿತು. ಆಗ ಆ್ಯನ್ ಬೆಕರ್ ಎಂಬ ವಿದುಷಿಯು ಶಾಲೆಯ ಹುಡುಗಿಯರನ್ನು ವಿಚಾರಿಸಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವಳು ಒಬ್ಬಳೂ ಇರಲಿಲ್ಲ. ಮೂರು ವರ್ಷಗಳ ನಂತರ, 1998ರಲ್ಲಿ, ಹಾಗೆ ಮಾಡುವವರು ನೂರಕ್ಕೆ 11 ಮಂದಿಗಿಂತ ಹೆಚ್ಚಾಗಿದ್ದರು. ಟೆಲಿವಿಜನ್ನಿಗೆ ಮೂರು ವರ್ಷ ಬೇಕಾದವು. ಈಗ ಪ್ರತಿಯೊಂದು ಮಗುವಿನ ಅಂಗೈಯಲ್ಲಿ ಮೊಬಾಯಿಲು ಇರುವದು. ನೆರೆಯ ಕೇರಳದಲ್ಲಿ 2025ರ ಮಾರ್ಚಿನಲ್ಲಿ, ಇಂಥ ಚಿತ್ರಗಳನ್ನು ನೋಡಿ ಅನ್ನವನ್ನು ಬಿಟ್ಟ ವಿದ್ಯಾರ್ಥಿನಿಯೊಬ್ಬಳು ಪ್ರಾಣವನ್ನೇ ಕಳೆದುಕೊಂಡಳೆಂಬ ಸುದ್ದಿಯನ್ನು ನೀವೂ ಓದಿರಬಹುದು.

ಎಲ್ಲವನ್ನೂ ಮೊಬಾಯಿಲಿನ ತಲೆಗೆ ಕಟ್ಟುವದೂ ನ್ಯಾಯವಲ್ಲ. ನೆಂಟರು ಮನೆಗೆ ಬಂದೊಡನೆ “ಏನವ್ವಾ, ಭಾಳ ಮೈ ಬಿಟ್ಟೀಯಲ್ಲ” ಎಂದು ಹದಿಮೂರರ ಹುಡುಗಿಗೆ ಅನ್ನುವವರು ನಾವು. ವರ್ಗದಲ್ಲಿ ‘ಡುಮ್ಮಿ’ ಎಂಬ ಹೆಸರು ಹುಟ್ಟಿದರೆ ನಕ್ಕು ಸುಮ್ಮನಿರುವ ಮಾಸ್ತರರೂ ನಾವೇ. ನನ್ನ ಶಿಷ್ಯೆಗೆ ಇದು ಅಂಟಿದ್ದು ಮದುವೆಯ ಮನೆಯಲ್ಲಿ ಹತ್ತಿರದವರೊಬ್ಬರು ಆಡಿದ ಒಂದು ಚೇಷ್ಟೆಯ ಮಾತಿನಿಂದ ಎಂದು ಆಮೇಲೆ ಅವಳೇ ಹೇಳಿದಳು. ಹುಟ್ಟುಗುಣ, ಮನಸ್ಸಿನ ಕಳವಳ, ಅಂಕಗಳ ಭಯ ಮೊದಲಾದವು ಒಳಗಿದ್ದೇ ಇರುವವು. ಅಂಥ ಮಾತು ಒಣಹುಲ್ಲಿಗೆ ತಾಗಿದ ಕಿಡಿ.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಹಾಂಗ್‌ಕಾಂಗಿನಲ್ಲಿ ಸಿಂಗ್ ಲೀ ಎಂಬ ವೈದ್ಯರು 1990ರ ದಶಕದಲ್ಲಿ ಕಂಡುಕೊಂಡಂತೆ, ಎಲ್ಲ ರೋಗಿಗಳೂ ದಪ್ಪಗಾಗುವ ಭಯವನ್ನು ಬಾಯಿಬಿಟ್ಟು ಹೇಳುವದಿಲ್ಲ. ಹೊಟ್ಟೆಯುಬ್ಬರ, ಹಸಿವಿಲ್ಲ ಎಂದಷ್ಟೇ ಹೇಳುವರು. ನಮ್ಮ ಮಕ್ಕಳು ಅದರ ಮೇಲೆ ‘ವ್ರತ’ ಎನ್ನುವರು. ವ್ರತವೆಂದ ಮೇಲೆ ಯಾರು ತಡೆಯಬೇಕು? ಆದ್ದರಿಂದ ಒಂದು ಗುರುತನ್ನು ನೆನಪಿಡಿರಿ. ವ್ರತದ ಉಪವಾಸಕ್ಕೆ ಪಾರಣೆಯುಂಟು. ಮರುದಿನ ಮಗು ನಗುತ್ತ ಉಣ್ಣುವದು. ರೋಗದ ಉಪವಾಸಕ್ಕೆ ಪಾರಣೆಯ ದಿನವೇ ಬರುವದಿಲ್ಲ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂದು ಭಗವದ್ಗೀತೆಯ ಆರನೆಯ ಅಧ್ಯಾಯವು ಹೇಳುವದು. ಆಯುರ್ವೇದವು ‘ಅರೋಚಕ’ವೆಂಬ ರೋಗದ ಕಾರಣಗಳಲ್ಲಿ ಶೋಕ, ಭಯಗಳನ್ನು ಎಣಿಸಿರುವದು. ಅನ್ನದ ಮೇಲಿನ ಬೇಸರವು ಮನಸ್ಸಿನಿಂದಲೂ ಹುಟ್ಟಬಲ್ಲದೆಂಬುದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯಾಗಿರಲಿಲ್ಲ.

ಹಸಿವೆಯು ಮನಸ್ಸನ್ನು ಹೇಗೆ ತಿರುಚುವದೆಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗವುಂಟು. ಅಮೇರಿಕೆಯ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 1944–45ರಲ್ಲಿ, ತಾವಾಗಿ ಮುಂದೆ ಬಂದ 36 ಜನ ಆರೋಗ್ಯವಂತ ತರುಣರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಊಟವನ್ನು ಕೊಟ್ಟು ನೋಡಿದನು. ಯುದ್ಧದಿಂದ ಹಸಿದ ಜನರನ್ನು ಹೇಗೆ ಸುಧಾರಿಸಬೇಕೆಂಬುದನ್ನು ಅರಿಯುವದು ಅವನ ಉದ್ದೇಶ. ಆ ತರುಣರು ಹಗಲೂ ರಾತ್ರಿ ಅನ್ನವನ್ನೇ ಕನವರಿಸತೊಡಗಿದರು, ಅಡಿಗೆಯ ಪುಸ್ತಕಗಳನ್ನು ಓದತೊಡಗಿದರು, ಒಂದು ತುತ್ತನ್ನು ಬಹಳ ಹೊತ್ತು ಆಡಿಸುತ್ತ ಕುಳಿತರು, ಸಿಡುಕಿದರು, ಸ್ನೇಹಿತರಿಂದ ದೂರವಾದರು. ಅವರಿಗೆ ಮೊದಲು ಯಾವ ಮನೋರೋಗವೂ ಇರಲಿಲ್ಲ. ಆದ ಕಾರಣ, ಊಟವನ್ನು ಬಿಟ್ಟ ಮಗುವು ಸಿಡುಕಿದರೆ, ಸುಳ್ಳು ಹೇಳಿದರೆ, ಅದು ಅವಳ ಗುಣವೆಂದು ತಿಳಿಯಬೇಡಿರಿ, ಮಾತಾಡುತ್ತಿರುವದು ಹಸಿವೆ. ಬಹುಕಾಲ ಉಣ್ಣದ ಮೇಲೆ ‘ಬುದ್ಧಿ ಹೇಳಿದರೆ’ ತಿಳಿಯುವ ಸ್ಥಿತಿಯಲ್ಲಿ ಬುದ್ಧಿಯೇ ಇರುವದಿಲ್ಲ.

ತಾಯಂದಿರೂ ಶಿಕ್ಷಕರೂ ನೋಡಬೇಕಾದ ಲಕ್ಷಣಗಳಿವು: ಊಟದ ಹೊತ್ತಿಗೆ ಏನಾದರೊಂದು ನೆವ, ರೊಟ್ಟಿಯನ್ನು ಚೂರುಚೂರು ಮಾಡಿ ತಾಟಿನಲ್ಲಿ ಸರಿಸುವದು, ಇತರರಿಗೆ ಮಾಡಿ ಬಡಿಸಿ ತಾನು ಉಣ್ಣದಿರುವದು, ಉಂಡೊಡನೆ ಬಚ್ಚಲಿಗೆ ಹೋಗುವದು, ಬೇಸಿಗೆಯಲ್ಲಿಯೂ ಚಳಿಯೆಂದು ಸ್ವೆಟರನ್ನು ಹಾಕುವದು, ಕೂದಲುದುರುವದು, ತಿಂಗಳ ಮುಟ್ಟು ನಿಲ್ಲುವದು, ಬೆರಳಿನ ಗೆಣ್ಣುಗಳ ಮೇಲೆ ಗಾಯದ ಗಂಟು, ದಣಿದರೂ ಬಿಡದೆ ಓಡುವದು, ಕುಣಿಯುವದು. ಮೂರ್ಛೆ ಬಂದರೆ, ಎದೆ ನೋಯುತ್ತಿದ್ದರೆ, ನಾಡಿಯು ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ, ಅಥವಾ ‘ಬದುಕುವದೇ ಬೇಡ’ ಎಂಬ ಮಾತು ಬಂದರೆ ಒಂದು ದಿನವನ್ನೂ ಕಳೆಯದೆ ದವಾಖಾನೆಗೆ ಒಯ್ಯಬೇಕು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿಯ ಪೊಟ್ಯಾಶಿಯಮ್ ಎಂಬ ಲವಣವು ಇಳಿದು ಹೃದಯದ ಗತಿಯು ಕೆಡುವದು.

ಒಂದು ಎಚ್ಚರಿಕೆ. ನಮ್ಮ ಭಾಗದಲ್ಲಿ ನಿಜವಾಗಿಯೂ ಹೊಟ್ಟೆಗೆ ಸಾಲದೆ ಬಡವಾದ ಮಕ್ಕಳುಂಟು, ರಕ್ತಹೀನತೆಯೂ ಉಂಟು, ಕ್ಷಯದಂಥ ರೋಗಗಳೂ ಉಂಟು. ಆದ್ದರಿಂದ ಮೊದಲು ಮೈಯ ಪರೀಕ್ಷೆಯಾಗಬೇಕು. ಅದರಲ್ಲಿ ಕಾರಣವು ಸಿಕ್ಕದಿದ್ದರೆ, ಅಥವಾ ಸಿಕ್ಕರೂ ಊಟದ ಭಯವು ಉಳಿದಿದ್ದರೆ, ಅಲ್ಲಿಗೇ ನಿಲ್ಲಬಾರದು. ನಮ್ಮ ಹುಡುಗಿಯ ವಿಷಯದಲ್ಲಿ ನಾವು ತಪ್ಪಿದ್ದು ಇಲ್ಲಿಯೇ: ಗುಳಿಗೆಯು ಸಿಕ್ಕಿತೆಂದು ಪ್ರಶ್ನೆಯನ್ನು ಬಿಟ್ಟೆವು.

ಇನ್ನು ಎಲ್ಲಿಗೆ ಹೋಗಬೇಕು? ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಇರುವದು. 1845ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಹುಟ್ಟಿದ ಅದರ ಹಳೆಯ ಹೆಸರೇ ನಮ್ಮ ಜನರ ಕಾಲನ್ನು ಹಿಂದೆಳೆಯುವದು. ನಾನು ಆ ಹುಡುಗಿಯ ತಂದೆಯ ಮುಂದೆ ಧಾರವಾಡದ ಮಾತೆತ್ತಿದಾಗ ಅವನು ಮಗ್ಗದಿಂದ ಕೈ ತೆಗೆದು, “ಮಾಸ್ತರ, ಹುಚ್ಚರ ದವಾಖಾನಿಗೆ ಕರಕೊಂಡ ಹೋದ್ರ ನಾಳೆ ಈಕಿ ಲಗ್ನ ಹೆಂಗ ಆಗಬೇಕರಿ?” ಎಂದನು. ಆ ಪ್ರಶ್ನೆಯನ್ನು ಹಗುರವೆಂದು ನಾನು ಹೇಳಲಾರೆ. ಅವನು ಇದೇ ಊರಿನಲ್ಲಿ ಬಾಳಬೇಕಾದವನು. ನಾನಂದೆ: “ಲಗ್ನಕ್ಕ ಮೊದಲ ಹುಡುಗಿ ಇರಬೇಕಲ್ಲಪಾ. ನಾನೂ ನಿಮ್ಮ ಜೋಡಿ ಬರತೇನಿ.” ತಾಯಿ, ಮಗಳು, ನಾನು ಮೂವರೂ ಮುಂಜಾನೆಯ ಬಸ್ಸು ಹಿಡಿದೆವು. ಶಾಲೆಯು ಮಗುವಿಗೂ ವೈದ್ಯರಿಗೂ ನಡುವೆ ಮಾಡಬಹುದಾದ ಉಪಕಾರವೆಂದರೆ ಇದೇ. ಚೀಟಿಯ ಮೇಲೆ ವಿಳಾಸವನ್ನು ಬರೆದುಕೊಟ್ಟರೆ ಸಾಲದು, ಜೊತೆಗೆ ಹೋಗಬೇಕು.

ಅಂದಿಗಿಂತ ಇಂದು ದಾರಿಯು ಸುಲಭವಾಗಿರುವದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿದರೆ, ಕನ್ನಡದಲ್ಲಿಯೇ, ಖರ್ಚಿಲ್ಲದೆ, ತಿಳಿದವರೊಡನೆ ಮಾತಾಡಬಹುದು. ಬೇಕಾದಲ್ಲಿ ಹತ್ತಿರದ ವೈದ್ಯರ ದಾರಿಯನ್ನೂ ಅವರು ತೋರಿಸುವರು. ಮನೆಯಲ್ಲಿಯೇ ಮಗುವಿಗೆ ಹಿಂಸೆಯಿದ್ದರೆ ಮಕ್ಕಳ ಸಹಾಯವಾಣಿ 1098 ಇರುವದು. ಸರಕಾರಿ ದವಾಖಾನೆಗಳಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳುಂಟು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾಹಿತಿಯನ್ನು ತಾಲೂಕಿನ ಆಸ್ಪತ್ರೆಯಲ್ಲಿ ಕೇಳಬಹುದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಆದೀತು. ಈ ಎರಡು ಸಂಖ್ಯೆಗಳನ್ನು ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಬರೆಯಿಸಿರಿ. ಮುಖ್ಯೋಪಾಧ್ಯಾಯರ ಕಪಾಟಿನಲ್ಲಿಯ ಸುತ್ತೋಲೆಯಿಂದ ಯಾವ ಮಗುವಿಗೂ ಪ್ರಯೋಜನವಿಲ್ಲ.

ಶಿಕ್ಷಕ ಮಿತ್ರರಿಗೆ ಎರಡು ಮಾತು. ಸಂಶಯ ಬಂದ ಮಗುವನ್ನು ಎಲ್ಲರೆದುರಿಗೆ ವಿಚಾರಿಸಬೇಡಿರಿ. ಹುಡುಗಿಯಾದರೆ ಅಕ್ಕೋರೊಬ್ಬರು ಒಂಟಿಯಾಗಿ ಮಾತಾಡಿಸಲಿ. “ಯಾಕ ಉಣವಲ್ಲಿ?” ಎನ್ನುವ ಬದಲು “ಇತ್ತೀಚಿಗೆ ಭಾಳ ದಣದಂಗ ಕಾಣತಿ, ಏನರ ತ್ರಾಸ ಐತೇನವಾ?” ಎಂದು ಕೇಳಲಿ. ‘ಯಾರಿಗೂ ಹೇಳೂದಿಲ್ಲ’ ಎಂದು ಮಾತು ಕೊಡಬೇಡಿರಿ. ‘ಯಾರಿಗೆ ಹೇಳಬೇಕೋ ಅವರಿಗಷ್ಟೇ, ನಿನ್ನ ಮುಂದೇ ಹೇಳತೇನಿ’ ಎನ್ನಿರಿ. ವರ್ಗದೆದುರಿಗೆ ಮಕ್ಕಳ ತೂಕವನ್ನು ಕೂಗಿ ಹೇಳಿ ಬರೆದುಕೊಳ್ಳುವ ಪದ್ಧತಿಯನ್ನು ನಿಲ್ಲಿಸಿರಿ. ತಾಯ್ತಂದೆಯರನ್ನು ಕರೆಯಿಸಿದಾಗ ತಪ್ಪು ಹೊರಿಸಬೇಡಿರಿ. ತಪ್ಪಿನ ಹಂಚಿಕೆಯಲ್ಲಿ ಹೊತ್ತು ಹೋಗುವದು, ಮಗು ಹಾಗೆಯೇ ಉಳಿಯುವದು.

ತಾಯಂದಿರೇ, ಬಲವಂತವಾಗಿ ಬಾಯಿಗೆ ತುರುಕಬೇಡಿರಿ. ಬಹುದಿನ ಉಪವಾಸವಿದ್ದ ಮೈಗೆ ಒಮ್ಮೆಲೆ ಹೋಳಿಗೆ ತುಪ್ಪವನ್ನು ತಿನ್ನಿಸಲೂ ಬೇಡಿರಿ. ಎರಡನೆಯ ಮಹಾಯುದ್ಧದ ಸೆರೆಯಾಳುಗಳಲ್ಲಿ ವೈದ್ಯರು ಕಂಡುಕೊಂಡಂತೆ, ಹಸಿದು ಬತ್ತಿದ ಮೈಗೆ ಒಮ್ಮೆಲೆ ಬಹಳ ಅನ್ನವು ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಅಪಾಯವಾಗುವದು. ತೀರ ಬಡವಾದ ಮಗುವಿಗೆ ಮೊದಲ ದಿನಗಳ ಆಹಾರವು ವೈದ್ಯರ ಕಣ್ಣ ಕೆಳಗೇ ಆಗಬೇಕು. ಅನಂತರದ ಚಿಕಿತ್ಸೆಯಲ್ಲಿ ಮನೆಯೇ ಮುಖ್ಯ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಪದ್ಧತಿಯ ಪ್ರಕಾರ, ಮಗುವು ಏನನ್ನು ಎಷ್ಟು ಉಣ್ಣಬೇಕೆಂಬ ಭಾರವನ್ನು ಕೆಲವು ಕಾಲ ತಾಯ್ತಂದೆಯರೇ ಹೊರುವರು; ಪ್ರತಿ ಹೊತ್ತೂ ಜೊತೆಗೆ ಕೂಡುವರು, ಬೈಯದೆ, ಬಿಟ್ಟೂ ಕೊಡದೆ. ಮಗು ಸುಧಾರಿಸಿದಂತೆ ಆ ಭಾರವನ್ನು ಅವಳಿಗೇ ಮರಳಿ ಕೊಡುವರು. ಆಕೆಯ ತಾಯಿ ಹಾಗೆಯೇ ಕುಳಿತಳು. ಒಂದು ರೊಟ್ಟಿ, ಸ್ವಲ್ಪ ಮೊಸರು, ಶೇಂಗಾ ಹಿಂಡಿ. ಒಂದೊಂದು ಊಟಕ್ಕೆ ಒಂದೊಂದು ತಾಸು. ಒಂದು ದಿನ ತಾಟನ್ನು ಎಸೆದದ್ದೂ ಉಂಟು. “ಉಣ್ಣೂ ಮಟ ನಾ ಏಳೂದಿಲ್ಲವ್ವಾ” ಎಂದಷ್ಟೇ ತಾಯಿಯು ಹೇಳುತ್ತಿದ್ದಳಂತೆ. ಹುಡುಗಿಗೆ ಶಾಲೆಯ ಒಂದು ವರ್ಷವು ಹೋಯಿತು. ಜೀವ ಉಳಿಯಿತು. ಈಗ ನೌಕರಿಯಲ್ಲಿರುವಳು. ಇಂದಿಗೂ ಹತ್ತು ಜನರೆದುರಿಗೆ ಉಣ್ಣಲು ಹಿಂಜರಿಯುವಳೆಂದು ಕೇಳಿದ್ದೇನೆ. ಪೂರ್ಣ ಗುಣವಾಯಿತೆಂದು ಬರೆದು ನಿಮ್ಮನ್ನು ನಾನು ವಂಚಿಸಲಾರೆ. ಬೇಗನೆ ಹಿಡಿದರೆ ಗುಣವೂ ಬೇಗ. ನಾವು ಆರು ತಿಂಗಳನ್ನು ಕಳೆದುಕೊಂಡೆವು.

ಆ ಕುಮಾರಸಂಭವದಲ್ಲಿಯೇ ಇನ್ನೊಂದು ಸಂಗತಿಯಿರುವದು. ಪಾರ್ವತಿಯು ತಪಸ್ಸಿಗೆ ಹೊರಟಾಗ ತಾಯಿ ಮೇನೆಯು ‘ಉ ಮಾ’, ಅಂದರೆ ‘ಅಮ್ಮಾ, ಬೇಡ’, ಎಂದು ತಡೆದಳು; ಅದರಿಂದಲೇ ಮಗಳಿಗೆ ಉಮೆಯೆಂಬ ಹೆಸರು ಬಂದಿತೆಂದು ಕವಿಯು ಹೇಳಿರುವನು. ಎಷ್ಟೋ ವರ್ಷ ನಾನು ಅದನ್ನು ಪದವಿಗ್ರಹದ ಮಾತೆಂದು ಒಂದೇ ನಿಮಿಷದಲ್ಲಿ ದಾಟಿ, ‘ಅಪರ್ಣೆ’ಯ ಮೇಲೆ ಅರ್ಧ ತಾಸು ಮಾತಾಡುತ್ತಿದ್ದೆನು. ಆ ವರ್ಷದ ನಂತರ ನಿವೃತ್ತನಾಗುವ ವರೆಗೂ ಆ ಎರಡು ಅಕ್ಷರಗಳ ಮೇಲೆಯೇ ಪಾಠವನ್ನು ನಿಲ್ಲಿಸುತ್ತಿದ್ದೆನು.

ಪತ್ರ ಬರೆದ ತಾಯಿಯೇ, ಮಗಳನ್ನು ಬೈಯಬೇಡಿರಿ, ನಿಮ್ಮನ್ನೂ ಬೈದುಕೊಳ್ಳಬೇಡಿರಿ. ಇಂದು ರಾತ್ರಿ ಅವಳ ಜೊತೆಗೆ ಊಟಕ್ಕೆ ಕೂಡಿರಿ. ನಾಳೆ 14416ಕ್ಕೆ ಕರೆ ಮಾಡಿ, ಅವಳನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಸ್ಸಿನಲ್ಲಿ ಜೊತೆಗೆ ಬರುವವರು ಯಾರೂ ಇಲ್ಲವೆಂದಾದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಮುದುಕನಾದರೂ ನನ್ನ ಕಾಲು ಇನ್ನೂ ಗಟ್ಟಿಯಿರುವವು.